ಬಾಯಿಮಾತಿನ ಪರೀಕ್ಷೆ

ಸಿರುಗುಪ್ಪ, ಕುರುಗೋಡುಗಳ ತೊಡಕಿನ ಹೆರಿಗೆಗಳು ಬಳ್ಳಾರಿಗೆ ಬರುವುವಷ್ಟೆ. ಅಲ್ಲಿ 1961ರಲ್ಲಿ ಸ್ಥಾಪಿತವಾದ ಸರಕಾರಿ ವೈದ್ಯಕೀಯ ಕಾಲೇಜಿನಲ್ಲಿ ಪ್ರಸೂತಿಶಾಸ್ತ್ರದ ಎಂ.ಎಸ್. ಪದವಿಗೆ ಓದುವವರು ಮೂರು ವರ್ಷಗಳ ವ್ಯಾಸಂಗದ ಕೊನೆಯಲ್ಲಿ ಮೌಖಿಕ ಪರೀಕ್ಷೆಯನ್ನೂ ಎದುರಿಸಬೇಕು. ಮೇಜಿನ ಮೇಲೆ ಶ್ರೋಣಿಯ ಎಲುಬು, ಗೊಂಬೆಯ ಶಿಶು, ಇಕ್ಕುಳ. ತಲೆ ಹೇಗೆ ತಿರುಗಿ ಹೊರಬರುವುದೆಂಬುದನ್ನು ಕೈಯಿಂದಲೇ ತೋರಿಸತಕ್ಕದ್ದು. ಬರಿಯ ಕಂಠಪಾಠದವರು ಇಲ್ಲಿಯೇ ತಡವರಿಸುವರು.

ಬಸುರಿಗೆ ಸೆಳವು ಬಂದರೆ ಮೆಗ್ನೀಸಿಯಂ ಸಲ್ಫೇಟು ಕೊಡುವುದೆಂದು ಯಾರಾದರೂ ಹೇಳಿಯಾರು. ಮತ್ತೊಮ್ಮೆ ಚುಚ್ಚುವ ಮುನ್ನ ನೋಡಬೇಕಾದುದೇನು? ಮೊಣಕಾಲಿನ ಮಿಡಿತ, ಉಸಿರು, ಮೂತ್ರದ ಪ್ರಮಾಣ. ಮೊಣಕಾಲು ಮಿಡಿಯದಿದ್ದರೆ ಔಷಧವೇ ವಿಷವಾಗುತ್ತಿರುವುದೆಂದು ತಿಳಿದು ನಿಲ್ಲಿಸಬೇಕು. ಪ್ರತಿವಿಷವಾದ ಕ್ಯಾಲ್ಸಿಯಂ ಗ್ಲೂಕೊನೇಟು ಕೈಯಳತೆಯಲ್ಲಿರಬೇಕು. ಇಂತಹ ಪ್ರಶ್ನೆಗಳು ನಿಷ್ಠುರವೆನಿಸಬಹುದು. 2024ರಲ್ಲಿ ಇದೇ ನಗರದಲ್ಲಿ ಬಾಣಂತಿಯರ ಸಾವುಗಳನ್ನು ಕಂಡವರಿಗೆ ಹಾಗೆನಿಸದು.

ಸಿದ್ಧತೆಗೆ ಇಬ್ಬರು ಸಹಪಾಠಿಗಳು ಎದುರುಬದುರು ಕುಳಿತು ಗಟ್ಟಿಯಾಗಿ ಪ್ರಶ್ನಿಸಿಕೊಳ್ಳುವುದೇ ಮೇಲು. ಮನೆಯವರೂ ಪುಸ್ತಕ ಹಿಡಿದು ಕೇಳಬಹುದು.