ತೀರ್ಪು ಬರುವ ತನಕ ಮಗುವಿನ ಖರ್ಚು ಯಾರದು?

ವಿವಾಹ ವಿಚ್ಛೇದನದ ದಾವೆ ನ್ಯಾಯಾಲಯದ ಮೆಟ್ಟಲೇರಿದರೆ ಇತ್ಯರ್ಥಕ್ಕೆ ವರ್ಷಗಳೇ ಹಿಡಿಯಬಹುದು. ಜೂನ್ ತಿಂಗಳಾದರೋ ಯಾರಿಗೂ ಕಾಯುವುದಿಲ್ಲ. ಶಾಲೆ ತೆರೆದೊಡನೆ ಪುಸ್ತಕ, ಸಮವಸ್ತ್ರ, ಕೊಡೆ, ಬಸ್ಸಿನ ಚಾರ್ಜು ಎಲ್ಲವೂ ಬೇಕು. ಹೆತ್ತವರ ಜಗಳದ ಬಿಸಿ ಮೊದಲು ತಟ್ಟುವುದು ಮಗುವಿಗೆ ಎಂಬುದನ್ನು ತರಗತಿಯಲ್ಲಿ ಪಾಠ ಹೇಳುವ ನಾವು ಬಲ್ಲೆವು. ಹೀಗಿದ್ದೂ ತವರಿಗೆ ಮರಳಿದ ಎಷ್ಟೋ ತಾಯಂದಿರು ‘ಕೇಸು ಮುಗಿಯಲಿ, ಮತ್ತೆ ನೋಡುವ’ ಎಂದು ಸುಮ್ಮನಿರುತ್ತಾರೆ. ಹಾಗೆ ಕಾಯಬೇಕೆಂದು ಕಾನೂನು ಹೇಳುವುದಿಲ್ಲ.

1955ರ ಹಿಂದೂ ವಿವಾಹ ಕಾಯಿದೆಯ 24ನೆಯ ಕಲಮಿನಂತೆ, ಸಾಕಷ್ಟು ಸ್ವಂತ ಆದಾಯವಿಲ್ಲದ ಹೆಂಡತಿ ದಾವೆ ನಡೆಯುತ್ತಿರುವಾಗಲೇ ಮಾಸಿಕ ಜೀವನಾಂಶವನ್ನೂ ವಕೀಲರ ಫೀಸು ಮೊದಲಾದ ವ್ಯಾಜ್ಯದ ವೆಚ್ಚವನ್ನೂ ಗಂಡನಿಂದ ಕೇಳಬಹುದು. ಆದಾಯವಿಲ್ಲದ ಗಂಡನಿಗೂ ಇದೇ ಹಕ್ಕುಂಟು. ಮಕ್ಕಳ ಪೋಷಣೆ ಮತ್ತು ವಿದ್ಯಾಭ್ಯಾಸಕ್ಕೆ 26ನೆಯ ಕಲಮು ಇದೆ. ನೋಟೀಸು ಜಾರಿಯಾದ 60 ದಿನಗಳೊಳಗೆ, ಸಾಧ್ಯವಾದ ಮಟ್ಟಿಗೆ, ಇಂತಹ ಅರ್ಜಿಗಳನ್ನು ತೀರ್ಮಾನಿಸಬೇಕೆಂದು 2001ರ ತಿದ್ದುಪಡಿ ವಿಧಿಸಿದೆ. ಮತಭೇದವಿಲ್ಲದೆ ಹೆಂಡತಿ ಮಕ್ಕಳು ಜೀವನಾಂಶ ಕೇಳಲು ಇದ್ದ ದಂಡ ಪ್ರಕ್ರಿಯಾ ಸಂಹಿತೆಯ 125ನೆಯ ಕಲಮಿನ ಸ್ಥಾನದಲ್ಲಿ, 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೆಯ ಕಲಮು ಬಂದಿದೆ.

‘ನನಗೆ ವರಮಾನವೇ ಇಲ್ಲ’ ಎಂದು ಬಾಯಲ್ಲಿ ಹೇಳಿ ನುಣುಚಿಕೊಳ್ಳುವ ಕಾಲ ಹೋಯಿತು. ರಜನೇಶ್ ವಿರುದ್ಧ ನೇಹಾ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 2020ರ ನವೆಂಬರ್ 4ರಂದು, ಗಂಡಹೆಂಡಿರಿಬ್ಬರೂ ಆದಾಯ, ಆಸ್ತಿ, ಸಾಲಗಳ ವಿವರವನ್ನು ಪ್ರಮಾಣಪತ್ರದಲ್ಲಿ ಸಲ್ಲಿಸಬೇಕೆಂದಿತು. ಜೀವನಾಂಶವನ್ನು ಅರ್ಜಿ ಹಾಕಿದ ದಿನದಿಂದಲೇ ಕೊಡಿಸಬೇಕೆಂದೂ ಹೇಳಿತು. ಆದುದರಿಂದ ಅರ್ಜಿ ಹಾಕದೆ ಕಳೆದ ಒಂದೊಂದು ತಿಂಗಳೂ ಮಗುವಿಗೇ ನಷ್ಟ. ಶಾಲೆಯ ರಶೀದಿ, ಔಷಧದ ಚೀಟಿ, ಬಾಡಿಗೆಯ ಲೆಕ್ಕ ಇವನ್ನು ಎಸೆಯದೆ ಕಟ್ಟಿಡಬೇಕು.

ವಕೀಲರಿಗೆ ಕೊಡಲು ಕೈಯಲ್ಲಿ ಕಾಸಿಲ್ಲವೆಂದು ಹಿಂಜರಿಯಬೇಕಾದ್ದಿಲ್ಲ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯಿದೆಯ 12ನೆಯ ಕಲಮಿನಂತೆ ಹೆಂಗಸರೂ ಮಕ್ಕಳೂ, ಆದಾಯ ಎಷ್ಟೇ ಇರಲಿ, ಉಚಿತ ಕಾನೂನು ನೆರವಿಗೆ ಅರ್ಹರು. ತಾಲೂಕು ಸಮಿತಿಯಲ್ಲಾಗಲಿ ಜಿಲ್ಲಾ ಪ್ರಾಧಿಕಾರದಲ್ಲಾಗಲಿ ಕೇಳಬಹುದು. ಗಡಿನಾಡಿನ ನಮಗೆ ಒಂದು ಎಚ್ಚರ ಹೆಚ್ಚಾಗಿ ಬೇಕು: ಮಲೆಯಾಳದಲ್ಲೋ ಇಂಗ್ಲಿಷಿನಲ್ಲೋ ಬರೆದ ಕಾಗದವನ್ನು ಓದಿಸಿ, ಕನ್ನಡದಲ್ಲಿ ಅರ್ಥ ಕೇಳಿ ತಿಳಿಯದೆ ಸಹಿ ಹಾಕಕೂಡದು.

ಹಣ ಬರಲಿಲ್ಲವೆಂದು ಮಗುವನ್ನು ತಂದೆಗೆ ತೋರಿಸದಿರುವುದೂ, ಮಗುವನ್ನು ತೋರಿಸಲಿಲ್ಲವೆಂದು ತಂದೆ ಹಣ ನಿಲ್ಲಿಸುವುದೂ ತರವಲ್ಲ. ಗಂಡಹೆಂಡಿರ ಸಂಬಂಧ ಕಡಿಯಬಹುದು. ಮಗುವಿನ ಅನ್ನ, ಅಕ್ಷರಗಳ ಹೊಣೆ ಕಡಿಯದು.