ಹಿಮನದಿಯ ನಡಿಗೆ

ಸಂತೆಕಲ್ಲೂರಿನವನಿಗೂ ಹಿಮಕ್ಕೂ ಎಲ್ಲಿಯ ನಂಟು ಎಂದು ವಾಚಕರು ಕೇಳಬಹುದು. ಎರೆಮಣ್ಣು, ಬೋಳುಗುಡ್ಡ, ಬೇಸಗೆಯ ಉರಿಬಿಸಿಲು ಇವು ನಮ್ಮ ಸೀಮೆಯ ಆಸ್ತಿ. ನಮ್ಮಲ್ಲಿ ಅನೇಕರು ಮಂಜುಗಡ್ಡೆಯನ್ನು ಕಂಡಿರುವುದು ಜಾತ್ರೆಯ ಶರಬತ್ತಿನ ಅಂಗಡಿಯಲ್ಲಿ. ಸಿಂಧನೂರು ಸೀಮೆಯ ಗದ್ದೆಗಳಿಗೆ ನೀರುಣಿಸುವ ತುಂಗಭದ್ರೆಯೂ ಹಿಮದಿಂದ ಹುಟ್ಟಿದವಳಲ್ಲ. ಪಶ್ಚಿಮಘಟ್ಟದ ಮುಂಗಾರು ಮಳೆಯೇ ಆಕೆಗೆ ಆಧಾರ. ಹೀಗಿದ್ದರೂ ಹಿಮಾಲಯದ ಒಂದು ಹಿಮನದಿಯ ಒಡಲಲ್ಲಿ ಎಷ್ಟು ಸಂಪತ್ತು ಅಡಗಿದೆಯೆಂದು ನಮ್ಮ ಬೆಂಗಳೂರಿನಲ್ಲಿಯೇ ಲೆಕ್ಕ ಹಾಕಿದವರಿದ್ದಾರೆ. ಅವರು ಹಿಡಿದ ದಾರಿಯನ್ನು ತಿಳಿಯಲು ಕಾಲುವೆ, ಜಲಾಶಯಗಳನ್ನು ಕಂಡ ನಮ್ಮ ಅನುಭವವೇ ಸಾಕು.

ಎತ್ತರದ ಪರ್ವತಗಳಲ್ಲಿ ಬಿದ್ದ ಹಿಮವೆಲ್ಲವೂ ಅದೇ ವರ್ಷ ಕರಗುವುದಿಲ್ಲ. ಉಳಿದುದರ ಮೇಲೆ ಮತ್ತೆ ಹಿಮ ಬಿದ್ದು, ಒತ್ತಡದಿಂದ ಅಡಿಯ ಪದರಗಳು ಗಟ್ಟಿಯಾದ ನೀರ್ಗಲ್ಲಾಗುತ್ತವೆ. ಈ ರಾಶಿ ಸಾಕಷ್ಟು ದಪ್ಪವಾದಾಗ ತನ್ನ ಭಾರಕ್ಕೆ ತಾನೇ ಇಳಿಜಾರಿನಲ್ಲಿ ಹರಿಯತೊಡಗುತ್ತದೆ, ಬೆಲ್ಲದ ಪಾಕ ಹರಿದಂತೆ. ಕೆಲವೆಡೆ ಬುಡದ ಬಂಡೆಯ ಮೇಲೆ ಜಾರುವುದೂ ಉಂಟು. ಇದೇ ಹಿಮನದಿ. ಇದು ನಡೆಯುತ್ತದೆಂಬುದಕ್ಕೆ ಒಂದು ಸೊಗಸಾದ ನಿದರ್ಶನವಿದೆ. 1827ರಲ್ಲಿ ಹ್ಯೂಗಿ ಎಂಬ ಸ್ವಿಸ್ ಪಂಡಿತನು ಉಂಟರಾರ್ ಹಿಮನದಿಯ ಮೇಲೆ ಒಂದು ಗುಡಿಸಲನ್ನು ಕಟ್ಟಿದನು. 1841ರಲ್ಲಿ ಅಳೆದಾಗ ಆ ಗುಡಿಸಲು ತನ್ನ ಮೊದಲಿನ ಸ್ಥಾನದಿಂದ ಸುಮಾರು 1,400 ಮೀಟರ್ ಕೆಳಗೆ ಬಂದಿತ್ತು! ಅದನ್ನು ಹೊತ್ತು ತಂದವರಾರೂ ಇಲ್ಲ, ಹಿಮವೇ ತಂದಿತ್ತು.

ಇಲ್ಲಿ ಒಂದು ಸಂದೇಹವನ್ನು ಮೊದಲೇ ಪರಿಹರಿಸಿಕೊಳ್ಳಬೇಕು. 'ಗಂಗೋತ್ರಿ ಹಿಮನದಿ ಹಿಂದೆ ಸರಿಯುತ್ತಿದೆ' ಎಂದು ಪತ್ರಿಕೆಗಳಲ್ಲಿ ಓದುತ್ತೇವೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ಆಡೆನ್ 1935ರಲ್ಲಿ ಗೋಮುಖದ ನಕ್ಷೆಯನ್ನು ಬರೆದಿದ್ದರು. ಅಂದಿನಿಂದ 1996ರ ವರೆಗೆ ಅದು ವರ್ಷಕ್ಕೆ ಸರಾಸರಿ 19 ಮೀಟರಿನಷ್ಟು ಹಿಂಜರಿಯಿತು. ಹಾಗಾದರೆ ಹಿಮವು ಬೆಟ್ಟವನ್ನು ಹತ್ತುತ್ತಿದೆಯೇ? ಖಂಡಿತ ಇಲ್ಲ. ನಮ್ಮ ಎಡದಂಡೆ ಕಾಲುವೆಯನ್ನು ನೆನೆಯಿರಿ. ನೀರು ಯಾವಾಗಲೂ ಮುಂದಕ್ಕೇ ಹರಿಯುತ್ತದೆ. ಆದರೆ ಮೇಲಿನಿಂದ ಬರುವ ನೀರು ಕಡಿಮೆಯಾದ ವರ್ಷ ಅದು ಬತ್ತಿ ನಿಲ್ಲುವ ಜಾಗ ಮೈಲಿಗಟ್ಟಲೆ ಹಿಂದೆ ಸರಿಯುತ್ತದೆ. ಕೆಳಭಾಗದ ರೈತನ ಹೊಲ ಒಣಗುತ್ತದೆ. ಹಿಮನದಿಯ ಗತಿಯೂ ಇದೇ. ಹಿಮ ಮುಂದಕ್ಕೆ ನಡೆಯುತ್ತಲೇ ಇರುತ್ತದೆ. ಬರುವುದಕ್ಕಿಂತ ಕರಗುವುದು ಹೆಚ್ಚಾದುದರಿಂದ ಅದರ ತುದಿ ಹಿಂದೆ ಸರಿಯುತ್ತದೆ. ತುದಿಯ ಹಿಂಜರಿಕೆ ಬೇರೆ, ಒಡಲಿನ ನಡಿಗೆ ಬೇರೆ.

ಈ ನಡಿಗೆಯನ್ನು ಅಳೆಯುವುದು ಹೇಗೆ? ಹಿಂದೆ ಹಿಮದಲ್ಲಿ ಗೂಟಗಳನ್ನು ನೆಟ್ಟು, ಮರುವರ್ಷ ಹೋಗಿ ನೋಡುತ್ತಿದ್ದರು. ಹಿಮಾಲಯದ ಸಾವಿರಾರು ಹಿಮನದಿಗಳಿಗೆ ಹೀಗೆ ಗೂಟ ನೆಡುವುದು ಯಾರಿಂದ ಸಾಧ್ಯ? 1972ರಲ್ಲಿ ಅಮೆರಿಕವು ಮೊದಲನೆಯ ಲ್ಯಾಂಡ್‌ಸ್ಯಾಟ್ ಉಪಗ್ರಹವನ್ನು ಹಾರಿಸಿತು. 1988ರಲ್ಲಿ ನಮ್ಮ ದೇಶದ ಐ.ಆರ್.ಎಸ್. 1ಎ ಉಪಗ್ರಹವೂ ಮೇಲೇರಿತು. ಇಂಥ ಉಪಗ್ರಹಗಳು ಒಂದೇ ಸ್ಥಳದ ಮೇಲೆ ನಿಯತ ದಿನಗಳಿಗೊಮ್ಮೆ ಹಾದು ಚಿತ್ರ ತೆಗೆಯುತ್ತವೆ. ಹಿಮನದಿಯ ಮೈಮೇಲೆ ಬಿರುಕುಗಳು, ಕಲ್ಲುಮಣ್ಣಿನ ರಾಶಿಗಳು ಇದ್ದೇ ಇರುತ್ತವೆ. ಇವೇ ಪ್ರಕೃತಿ ನೆಟ್ಟ ಗೂಟಗಳು. ಒಂದು ವರ್ಷದ ಅಂತರದಲ್ಲಿ ತೆಗೆದ ಎರಡು ಚಿತ್ರಗಳನ್ನು ಆರಿಸಿ, ಮೊದಲ ಚಿತ್ರದ ಒಂದು ಚಿಕ್ಕ ಚೌಕವನ್ನು ಎರಡನೆಯದರ ಮೇಲೆ ಅತ್ತಿತ್ತ ಸರಿಸುತ್ತ, ಅದು ಎಲ್ಲಿ ಚೆನ್ನಾಗಿ ಹೊಂದುವುದೋ ಅದನ್ನು ಗಣಕಯಂತ್ರವು ಹುಡುಕುತ್ತದೆ. ಆ ಚೌಕ ಸರಿದ ದೂರವೇ ಹಿಮ ನಡೆದ ದೂರ. ಲ್ಯಾಂಡ್‌ಸ್ಯಾಟ್ ಚಿತ್ರದ ಒಂದೊಂದು ಚುಕ್ಕೆಯೂ ಸಾಮಾನ್ಯವಾಗಿ 30 ಮೀಟರ್ ನೆಲವನ್ನು ತೋರಿಸಿದರೂ, ಅನೇಕ ಚುಕ್ಕೆಗಳನ್ನು ಒಟ್ಟಿಗೆ ಹೋಲಿಸುವುದರಿಂದ ಒಂದು ಚುಕ್ಕೆಗಿಂತಲೂ ಕಿರಿದಾದ ಸರಿತವನ್ನು ಗುರುತಿಸಬಹುದು.

ಆದರೆ ಎರಡು ಚಿತ್ರಗಳು ಒಂದರ ಮೇಲೊಂದು ಸರಿಯಾಗಿ ಕೂಡದಿದ್ದರೆ, ಹಿಮದ ಬದಲು ಚಿತ್ರವೇ ಸರಿದಂತಾದೀತು. ಆದ್ದರಿಂದ ಮೊದಲು ಕದಲದ ವಸ್ತುವನ್ನು ನೋಡಬೇಕು. ಕಣಿವೆಯ ಇಕ್ಕೆಲದ ಬಂಡೆಗಳು ಎರಡೂ ಚಿತ್ರಗಳಲ್ಲಿ ಇದ್ದಲ್ಲಿಯೇ ಇದ್ದರೆ ಮಾತ್ರ ಲೆಕ್ಕ ನಂಬಲರ್ಹ. ನಮ್ಮ ಮಸ್ಕಿಯಲ್ಲಿ ಅಶೋಕನ ಶಾಸನವನ್ನು ಹೊತ್ತ ಬಂಡೆ ಇಪ್ಪತ್ತೆರಡು ಶತಮಾನಗಳಿಂದ ಇದ್ದಲ್ಲಿಯೇ ಇದೆಯಲ್ಲವೇ? ಅಂಥ ಕದಲದ ಕಲ್ಲೇ ಕದಲುವ ಹಿಮಕ್ಕೆ ಸಾಕ್ಷಿ.

ಇನ್ನು ನಡಿಗೆಯಿಂದ ಆಳವನ್ನು ಕಂಡುಕೊಳ್ಳುವ ಉಪಾಯ. ಇಳಿಜಾರು ಒಂದೇ ಆಗಿದ್ದರೆ ದಪ್ಪವಾದ ಹಿಮ ವೇಗವಾಗಿ, ತೆಳುವಾದ ಹಿಮ ನಿಧಾನವಾಗಿ ಹರಿಯುತ್ತದೆ. ಬುಡದ ಜಾರಾಟವನ್ನು ಬಿಟ್ಟು ಲೆಕ್ಕಿಸಿದರೆ, ದಪ್ಪ ಎರಡರಷ್ಟಾದಾಗ ವೇಗ ಸುಮಾರು ಹದಿನಾರರಷ್ಟಾಗುತ್ತದೆ! ಆದ್ದರಿಂದ ವೇಗವೂ ಇಳಿಜಾರೂ ಗೊತ್ತಾದರೆ ದಪ್ಪವನ್ನು ಲೆಕ್ಕ ಹಾಕಬಹುದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಗಂತಾಯತ್, ಕುಲಕರ್ಣಿ ಮತ್ತು ಶ್ರೀನಿವಾಸನ್ ಎಂಬ ವಿದ್ವಾಂಸರು ಗಂಗೋತ್ರಿಯ ಬಗೆಗೆ ಈ ಕಾರ್ಯವನ್ನು ಮಾಡಿ 2014ರಲ್ಲಿ ಪ್ರಕಟಿಸಿದರು. ಲ್ಯಾಂಡ್‌ಸ್ಯಾಟ್ ಚಿತ್ರಗಳಿಂದ ಅವರು ಕಂಡಂತೆ, ಹಿಮ ಸಂಗ್ರಹವಾಗುವ ಮೇಲ್ಭಾಗದಲ್ಲಿ ವೇಗ ವರ್ಷಕ್ಕೆ 14ರಿಂದ 85 ಮೀಟರ್, ತುದಿಯ ಬಳಿ 20ರಿಂದ 30 ಮೀಟರ್. ಇದರಿಂದ ಗಣಿಸಿದ ದಪ್ಪ ಮೇಲ್ಭಾಗದಲ್ಲಿ ಸುಮಾರು 540 ಮೀಟರ್, ತುದಿಯಲ್ಲಿ 50ರಿಂದ 60 ಮೀಟರ್. ಒಟ್ಟು ಗಾತ್ರ 23.2 ಘನ ಕಿಲೋಮೀಟರ್, ಹೆಚ್ಚುಕಡಿಮೆ 4.2 ವ್ಯತ್ಯಾಸಕ್ಕೆ ಒಳಪಟ್ಟು.

ಈ ಅಂಕಿ ನಮ್ಮ ಕಣ್ಣಿಗೆ ಕಟ್ಟಬೇಕಾದರೆ ತುಂಗಭದ್ರಾ ಜಲಾಶಯವನ್ನು ನೆನೆಯಬೇಕು. 133 ಟಿ.ಎಂ.ಸಿ. ಹಿಡಿಯುತ್ತಿದ್ದ ಆ ಜಲಾಶಯದ ಸಾಮರ್ಥ್ಯ ಹೂಳಿನಿಂದ ಕುಗ್ಗಿ 105.788 ಟಿ.ಎಂ.ಸಿ.ಗೆ ಇಳಿದಿದೆ. ಗಂಗೋತ್ರಿಯ ಹಿಮವೆಲ್ಲ ನೀರಾದರೆ ಇಂಥ ಸುಮಾರು ಏಳು ಜಲಾಶಯಗಳನ್ನು ತುಂಬೀತು. ಮೇಲೆ ನಿಂತು ನೋಡಿದವನಿಗೆ ಜಲಾಶಯ ಎಂದಿನಂತೆಯೇ ಕಾಣುತ್ತದೆ. ಒಡಲು ಕಿರಿದಾದುದು ಅಳೆದವನಿಗೆ ಮಾತ್ರ ಗೊತ್ತು. ಹಿಮನದಿಯೂ ಹಾಗೆಯೇ. ವ್ಯತ್ಯಾಸವಿಷ್ಟೆ: ಜಲಾಶಯ ಒಳ್ಳೆಯ ಮಳೆಯಾದರೆ ಒಂದೇ ಮುಂಗಾರಿನಲ್ಲಿ ಮತ್ತೆ ತುಂಬುತ್ತದೆ; ಹಿಮದ ಈ ಭಂಡಾರ ಕೂಡಿಬರಲು ಶತಮಾನಗಳೇ ಬೇಕು.

ಇಷ್ಟಾದ ಮೇಲೆ, ಹಿಮದ ನಡಿಗೆ ನಿಧಾನವಾಯಿತೆಂದರೆ ಏನರ್ಥವೆಂಬುದು ತಾನಾಗಿ ತಿಳಿಯುತ್ತದೆ. ಡೆಹೆಕ್ ಮತ್ತು ಸಂಗಡಿಗರು 2000ದಿಂದ 2017ರ ವರೆಗಿನ ಸುಮಾರು ಹತ್ತು ಲಕ್ಷ ಜೋಡಿ ಚಿತ್ರಗಳನ್ನು ಹೋಲಿಸಿ 2019ರಲ್ಲಿ ಫಲವನ್ನು ಪ್ರಕಟಿಸಿದರು. ಏಷ್ಯದ ಉನ್ನತ ಪರ್ವತಗಳ ಹೆಚ್ಚಿನ ಪ್ರದೇಶಗಳಲ್ಲಿ ಹಿಮದ ವೇಗ ಕುಗ್ಗಿತ್ತು. ನಮ್ಮ ಲಾಹೌಲ್‌ ಸ್ಪಿತಿಯಲ್ಲಿ ದಶಕಕ್ಕೆ ಶೇಕಡಾ 34ರಷ್ಟು. ಹಿಮ ತೆಳುವಾದುದೇ ಇದಕ್ಕೆ ಮುಖ್ಯ ಕಾರಣ. ಆದರೆ ಕಾರಕೋರಂನಲ್ಲಿ ವೇಗ ಕುಗ್ಗದೆ ತುಸು ಏರಿತ್ತು. ಆದ್ದರಿಂದ ಒಂದು ಕಡೆಯದನ್ನು ಕಂಡು ಎಲ್ಲಕ್ಕೂ ಒಂದೇ ಮಾತನ್ನು ಹೇಳಲಾಗದು, ಒಂದೊಂದನ್ನೂ ಅಳೆಯಬೇಕು. ಮೋಡ ಕವಿದಾಗ ಸಾಮಾನ್ಯ ಚಿತ್ರಗಳು ನಿರುಪಯೋಗಿ. ಅಲ್ಲಿ ಮೋಡವನ್ನೂ ಕತ್ತಲೆಯನ್ನೂ ಭೇದಿಸಬಲ್ಲ ರೇಡಾರ್ ಬೇಕು. ಅಂಥ ರೇಡಾರುಗಳನ್ನು ಹೊತ್ತ ನಿಸಾರ್ ಉಪಗ್ರಹವನ್ನು ಇಸ್ರೋ ಮತ್ತು ನಾಸಾ ಸಂಸ್ಥೆಗಳು ಜೊತೆಗೂಡಿ ನಿರ್ಮಿಸಿದವು. ಅದು 2025ರ ಜುಲೈ 30ರಂದು ಶ್ರೀಹರಿಕೋಟದಿಂದ ಮೇಲೇರಿತು.

ಗಂಗೆಯ ಬಯಲಿನ ರೈತನನ್ನು ನಾವು ಕಂಡವರಲ್ಲ. ಆದರೆ ಕಾಲುವೆಯ ನೀರು ಎಂದು ಬಂದೀತು, ಎಲ್ಲಿಯ ವರೆಗೆ ಬಂದೀತು ಎಂದು ದಂಡೆಯ ಮೇಲೆ ಕಾದು ನಿಲ್ಲುವ ಸಂಕಟವನ್ನು ನಾವು ಬಲ್ಲೆವು. ಮಳೆಯಿಲ್ಲದ ಬೇಸಗೆಯಲ್ಲಿ ಆ ಹೊಳೆಗೆ ಜೀವ ಕೊಡುವುದರಲ್ಲಿ ಕರಗುವ ಹಿಮದ ಪಾಲೂ ಇದೆ. ಭಂಡಾರದಲ್ಲಿ ಎಷ್ಟು ಉಳಿದಿದೆಯೆಂದು ತಿಳಿದವನು ಮಾತ್ರ ಅದನ್ನು ಹಿತಮಿತವಾಗಿ ಹಂಚಬಲ್ಲನು. ಹಿಮನದಿಯ ಹೆಜ್ಜೆಗಳನ್ನು ಎಣಿಸುವ ವಿಜ್ಞಾನಿಗಳ ಈ ಪರಿಶ್ರಮ ಆ ತಿಳಿವಳಿಕೆಗಾಗಿಯೇ.