ಮೀಟರ್‌ನಲ್ಲಿ 12 ವೋಲ್ಟ್ ಇದೆ, ಜೆಟ್‌ಸ್ಕೀ ಮಾತ್ರ ಸ್ಟಾರ್ಟ್ ಆಗುತ್ತಿಲ್ಲ

ಮಳೆಗಾಲದಲ್ಲಿ ಕಡಲು ಕೆರಳಿರುವಷ್ಟು ದಿನ ನಮ್ಮ ಕರಾವಳಿಯ ಜೆಟ್‌ಸ್ಕೀಗಳು ಟಾರ್ಪಾಲು ಹೊದ್ದು ಶೆಡ್ಡಿನಲ್ಲಿರುತ್ತವೆ. ಮಳೆ ಹಿಂದೆ ಸರಿದು ಪ್ರವಾಸಿಗರು ಮಲ್ಪೆ, ಮುರ್ಡೇಶ್ವರದ ಕಡೆ ಮುಖ ಮಾಡುವ ಹೊತ್ತಿಗೆ ಅವನ್ನು ಹೊರಗೆಳೆದು ಸ್ಟಾರ್ಟ್ ಗುಂಡಿ ಒತ್ತಿದರೆ ಕೆಲವು ‘ಟಿಕ್’ ಎಂದು ಸುಮ್ಮನಾಗುತ್ತವೆ, ಕೆಲವು ಅಷ್ಟೂ ಅನ್ನುವುದಿಲ್ಲ. ಆಮೇಲೆ ಶುರುವಾಗುವುದು ಊಹೆಯ ಮೇಲೆ ಖರ್ಚು. ಮೊದಲು ಬ್ಯಾಟರಿ ಬದಲಾಗುತ್ತದೆ, ಆಮೇಲೆ ಸೆಲ್ಫ್ ಮೋಟರ್, ಕೊನೆಗೆ ಎಂಜಿನ್ ನಿಯಂತ್ರಿಸುವ ಎಲೆಕ್ಟ್ರಾನಿಕ್ ಪೆಟ್ಟಿಗೆಯಾದ ಇಸಿಯು. ಇಷ್ಟೆಲ್ಲ ಆದ ಮೇಲೆ ನಿಜವಾದ ದೋಷ ಉಪ್ಪು ಹಿಡಿದ ಒಂದು ಬೋಲ್ಟಿನಡಿ ಸಿಗುವುದುಂಟು.

ಕವಾಸಕಿಯ ಜೆಟ್‌ಸ್ಕೀ ಇರಲಿ, ಯಮಹಾದ ವೇವ್‌ರನ್ನರ್ ಇರಲಿ, ಬಿಆರ್‌ಪಿ ಕಂಪನಿಯ ಸೀ-ಡೂ ಇರಲಿ, ಸ್ಟಾರ್ಟಿಂಗ್ ವ್ಯವಸ್ಥೆಯ ಮೂಲ ವಿನ್ಯಾಸ ಒಂದೇ. ಇಲ್ಲಿರುವುದು ಎರಡು ದಾರಿ. ಒಂದು ಸಣ್ಣ ಕರೆಂಟಿನ ದಾರಿ: ಫ್ಯೂಸ್, ಸವಾರನ ಕೈಗೆ ಕಟ್ಟುವ ಸುರಕ್ಷತಾ ಹಗ್ಗದ ಸ್ವಿಚ್, ಸ್ಟಾರ್ಟ್ ಗುಂಡಿ, ಇಸಿಯು, ರಿಲೇಯ ಸುರುಳಿ. ಇನ್ನೊಂದು ದೊಡ್ಡ ಕರೆಂಟಿನ ದಾರಿ: ಬ್ಯಾಟರಿ, ದಪ್ಪ ಕೇಬಲ್, ರಿಲೇಯ ಒಳಗಿನ ತಾಮ್ರದ ತಟ್ಟೆಗಳು, ಸೆಲ್ಫ್ ಮೋಟರ್, ಅಲ್ಲಿಂದ ಎಂಜಿನ್ ಮೈಯ ಮೂಲಕ ಮರಳಿ ಬ್ಯಾಟರಿಗೆ. ದೋಷ ಯಾವ ದಾರಿಯಲ್ಲಿದೆ ಎಂದು ತೀರ್ಮಾನಿಸುವ ಮುನ್ನ ಒಂದು ಭಾಗವನ್ನೂ ಬಿಚ್ಚಬಾರದು. ಇದರ ಸುತ್ತ ಹಬ್ಬಿರುವ ಹಲವು ತಪ್ಪು ಕಲ್ಪನೆಗಳು ಈ ಎರಡು ದಾರಿಗಳನ್ನು ಒಂದೇ ಎಂದುಕೊಂಡಿದ್ದರಿಂದಲೇ ಹುಟ್ಟಿದಂಥವು.

“ಮೀಟರ್ 12 ವೋಲ್ಟ್ ತೋರಿಸುತ್ತಿದೆ, ಹಾಗಾಗಿ ಬ್ಯಾಟರಿ ಸರಿಯಿದೆ”

ಇದರಷ್ಟು ಹಣ ಪೋಲು ಮಾಡಿಸಿದ ನಂಬಿಕೆ ಇನ್ನೊಂದಿಲ್ಲ. ‘12 ವೋಲ್ಟ್ ಬ್ಯಾಟರಿ’ ಎಂಬುದು ಹೆಸರು ಮಾತ್ರ. ಪೂರ್ತಿ ಚಾರ್ಜ್ ಆದ ಲೆಡ್-ಆಸಿಡ್ ಬ್ಯಾಟರಿ ವಿಶ್ರಾಂತಿಯಲ್ಲಿದ್ದಾಗ 12.6ರಿಂದ 12.7 ವೋಲ್ಟ್ ತೋರಿಸಬೇಕು. 12.2 ಎಂದರೆ ಹೆಚ್ಚುಕಡಿಮೆ ಅರ್ಧ ಖಾಲಿ. ಸರಿಯಾಗಿ 12.0 ಎಂದರೆ ಉಳಿದಿರುವುದು ಕಾಲು ಭಾಗ. ಚಾರ್ಜರ್‌ನಿಂದ ಬಿಚ್ಚಿದ ಕೂಡಲೇ ಅಳೆದರೆ ಅಂಕಿ ಇದ್ದುದಕ್ಕಿಂತ ಹೆಚ್ಚೇ ಕಾಣುತ್ತದೆ. ಕೆಲವು ಗಂಟೆ ಬಿಟ್ಟು ಅಳೆಯಬೇಕು.

ಅಂಕಿ ಸರಿಯಿದ್ದರೂ ಅರ್ಧ ವಿಷಯವಷ್ಟೇ ತಿಳಿದಂತಾಯಿತು. ಮೀಟರ್ ಬ್ಯಾಟರಿಯಿಂದ ಎಳೆಯುವ ಕರೆಂಟ್ ಲೆಕ್ಕಕ್ಕೇ ಬಾರದಷ್ಟು ಸಣ್ಣದು. ಸೆಲ್ಫ್ ಮೋಟರ್ ಎಳೆಯುವುದು ನೂರು ಆಂಪಿಯರ್‌ನ ಆಸುಪಾಸು. ಹುರಿ ಸವೆದ ಬಾವಿಹಗ್ಗವೂ ಖಾಲಿ ಕೊಡವನ್ನು ಎತ್ತೀತು, ತುಂಬಿದ ಕೊಡಕ್ಕೆ ತುಂಡಾಗುತ್ತದೆ. ಹಾಗಾಗಿ ಕೆಲಸ ಮಾಡುವ ಹೊತ್ತಿನಲ್ಲಿ ಅಳೆಯಬೇಕು. ಮೀಟರಿನ ಎರಡೂ ಕಡ್ಡಿಗಳನ್ನು ಬ್ಯಾಟರಿಯ ಮೇಲಿಟ್ಟು ಸ್ಟಾರ್ಟ್ ಗುಂಡಿ ಒತ್ತಿ. ವೋಲ್ಟೇಜ್ ಹತ್ತರ ಆಸುಪಾಸಿನಲ್ಲಿ ನಿಂತರೆ ಬ್ಯಾಟರಿ ಗಟ್ಟಿ. 9.6ಕ್ಕಿಂತ ಕೆಳಗೆ ಕುಸಿದರೆ ಮೊದಲು ಪೂರ್ತಿ ಚಾರ್ಜ್ ಮಾಡಿ ಮತ್ತೆ ಪರೀಕ್ಷಿಸಿ. ಆಗಲೂ ಕುಸಿದರೆ ಬ್ಯಾಟರಿಯ ಒಳಗೇ ಕೇಡಿದೆ. ಇನ್ನು, ಗುಂಡಿ ಒತ್ತಿದರೂ ಅಂಕಿ 12.6ರಲ್ಲೇ ಅಲುಗಾಡದೆ ನಿಂತರೆ? ಬ್ಯಾಟರಿಯಿಂದ ಕರೆಂಟೇ ಹೊರಟಿಲ್ಲ. ದಾರಿ ಎಲ್ಲೋ ಕಡಿದಿದೆ, ಹೊಸ ಬ್ಯಾಟರಿ ತಂದರೂ ಅದೇ ಗತಿ.

ದಾರಿಯ ದೋಷ ಹುಡುಕಲು ವೋಲ್ಟೇಜ್ ಡ್ರಾಪ್ ಪರೀಕ್ಷೆ ಎಂಬುದೊಂದಿದೆ. ಇದನ್ನು ಕಲಿತವರು ಊಹೆಯ ಮೇಲೆ ಬಿಡಿಭಾಗ ಕೊಳ್ಳುವುದನ್ನೇ ಬಿಡುತ್ತಾರೆ. ಮೀಟರಿನ ಕೆಂಪು ಕಡ್ಡಿಯನ್ನು ಬ್ಯಾಟರಿಯ ಪಾಸಿಟಿವ್ ಕಂಬದ ಮೇಲೆ ಇಡಿ. ಕ್ಲಾಂಪಿನ ಮೇಲಲ್ಲ, ಕಂಬದ ಮೇಲೆಯೇ. ಕಪ್ಪು ಕಡ್ಡಿಯನ್ನು ಸೆಲ್ಫ್ ಮೋಟರಿನ ಕೇಬಲ್ ಬೋಲ್ಟಿಗೆ ತಾಗಿಸಿ. ಗುಂಡಿ ಒತ್ತದಿರುವಾಗ ಮೀಟರ್ ಬ್ಯಾಟರಿಯ ಪೂರ್ತಿ ವೋಲ್ಟೇಜನ್ನು ತೋರಿಸುತ್ತದೆ, ಏಕೆಂದರೆ ನಡುವಿನ ರಿಲೇ ತೆರೆದಿದೆ. ಗುಂಡಿ ಒತ್ತಿದಾಗ ಅಂಕಿ ಅರ್ಧ ವೋಲ್ಟಿಗೂ ಕೆಳಗೆ ಇಳಿಯಬೇಕು. ‘ಟಿಕ್’ ಎಂದ ಮೇಲೂ 12ರಲ್ಲೇ ಉಳಿದರೆ ರಿಲೇಯ ತಟ್ಟೆಗಳು ಸುಟ್ಟಿವೆ ಅಥವಾ ಕೇಬಲ್ ಕಡಿದಿದೆ. ಎರಡೋ ಮೂರೋ ವೋಲ್ಟ್ ತೋರಿಸಿದರೆ ಅಷ್ಟನ್ನು ಆ ದಾರಿ ನುಂಗುತ್ತಿದೆ ಎಂದರ್ಥ. ಕಡ್ಡಿಯನ್ನು ಒಂದೊಂದು ಜೋಡಣೆಗೆ ಸರಿಸುತ್ತ ಹೋದರೆ ನುಂಗುವ ಜಾಗ ತಾನಾಗಿ ಸಿಗುತ್ತದೆ.

ಇದೇ ಪರೀಕ್ಷೆಯನ್ನು ಬ್ಯಾಟರಿಯ ನೆಗೆಟಿವ್ ಕಂಬ ಮತ್ತು ಎಂಜಿನ್ನಿನ ಬರಿ ಲೋಹದ ನಡುವೆಯೂ ಮಾಡಬೇಕು. ಇಲ್ಲಿ 0.2ರಿಂದ 0.3 ವೋಲ್ಟ್ ಮೀರಬಾರದು. ಅರ್ಥಿಂಗ್ ಕಡೆಯನ್ನು ಬಹಳ ಮಂದಿ ನೋಡುವುದೇ ಇಲ್ಲ, ಉಪ್ಪುನೀರು ಹೆಚ್ಚು ಕಚ್ಚುವುದು ಅಲ್ಲೇ. ಲೆಕ್ಕ ಸರಳ: ತುಕ್ಕು ಹಿಡಿದ ಒಂದು ಜೋಡಣೆಯಲ್ಲಿ ಬರೀ 0.03 ಓಮ್ ತಡೆಯಿದ್ದರೂ ನೂರು ಆಂಪಿಯರ್ ಹರಿಯುವಾಗ 3 ವೋಲ್ಟ್ ಅಲ್ಲೇ ಕರಗುತ್ತದೆ. ಅಂದರೆ 300 ವ್ಯಾಟ್ ಅಲ್ಲಿ ಶಾಖವಾಗಿ ಹೊರಬರುತ್ತದೆ. ಸೆಲ್ಫ್ ಹೊಡೆದ ಬಳಿಕ ಯಾವುದಾದರೂ ಕೇಬಲ್ ತುದಿ ಕೈಗೆ ಬಿಸಿ ತಗಲಿದರೆ ಶಂಕೆ ಅಲ್ಲಿಂದಲೇ ಶುರುವಾಗಲಿ.

“ಟಿಕ್ ಎಂದರೆ ಸೆಲ್ಫ್ ಮೋಟರ್ ಹೋಯಿತು”

ಟಿಕ್ ಸದ್ದು ಒಂದು ಒಳ್ಳೆಯ ಸುದ್ದಿಯನ್ನೂ ತರುತ್ತದೆ: ಸಣ್ಣ ಕರೆಂಟಿನ ದಾರಿ ಸರಿಯಿದೆ. ಗುಂಡಿ, ಸುರಕ್ಷತಾ ಹಗ್ಗ, ಇಸಿಯು ತಮ್ಮ ಕೆಲಸ ಮಾಡಿವೆ, ರಿಲೇಗೆ ಅಪ್ಪಣೆ ತಲುಪಿದೆ. ಟಿಕ್ ಟಿಕ್ ಟಿಕ್ ಎಂದು ಬಿಡದೆ ಬಡಿದರೆ ವೋಲ್ಟೇಜ್ ಸಾಲದು. ರಿಲೇ ಎಳೆದುಕೊಳ್ಳುತ್ತದೆ, ಮೋಟರಿನ ಹೊರೆ ಬಿದ್ದೊಡನೆ ವೋಲ್ಟೇಜ್ ಕುಸಿಯುತ್ತದೆ, ರಿಲೇ ಬಿಟ್ಟುಬಿಡುತ್ತದೆ, ಮತ್ತೆ ಎಳೆಯುತ್ತದೆ. ಒಂದೇ ಟಿಕ್ ಎಂದು ಮೌನವಾದರೆ ರಿಲೇ ತಟ್ಟೆ, ಕೇಬಲ್, ಮೋಟರ್ ಅಥವಾ ಸಿಕ್ಕಿಕೊಂಡ ಎಂಜಿನ್. ಮೋಟರ್ ಗಿರ್ರನೆ ತಿರುಗಿಯೂ ಎಂಜಿನ್ ತಿರುಗದಿದ್ದರೆ ಮೋಟರಿನ ಹಲ್ಲುಚಕ್ರ ಮುಂದೆ ಜಾರಿ ಕೂರುತ್ತಿಲ್ಲ. ಅದು ವಿದ್ಯುತ್ತಿನ ದೋಷವೇ ಅಲ್ಲ.

“ಸದ್ದೇ ಇಲ್ಲ ಎಂದರೆ ಇಸಿಯು ಸತ್ತಿದೆ”

ಇಸಿಯು ಸಾಮಾನ್ಯವಾಗಿ ನೀರು ನುಗ್ಗದಂತೆ ಮುಚ್ಚಿದ ಪೆಟ್ಟಿಗೆ. ಸಂಶಯ ಅದರ ಮೇಲೆ ಕೊನೆಗೆ ಬೀಳಬೇಕು. ಮೊದಲು ಫ್ಯೂಸ್ ನೋಡಿ, ಕಣ್ಣಿನಿಂದಲ್ಲ, ಮೀಟರಿನಿಂದ. ತಂತಿ ತುಂಡಾಗದಿದ್ದರೂ ಫ್ಯೂಸಿನ ಕಾಲು ಕಿಲುಬು ಹಿಡಿದಿರಬಹುದು. ಆಮೇಲೆ ಸುರಕ್ಷತಾ ಹಗ್ಗ. ಹಲವು ಸೀ-ಡೂ ಮಾದರಿಗಳಲ್ಲಿ ಹಗ್ಗದ ತುದಿಯ ಟೋಪಿಯೊಳಗೆ ಎಲೆಕ್ಟ್ರಾನಿಕ್ ಸಂಕೇತವಿರುತ್ತದೆ. ಸರಿಯಾಗಿ ಕೂತರೆ ಎರಡು ಚಿಕ್ಕ ಬೀಪ್ ಕೇಳಿಸುತ್ತದೆ. ಒಂದೇ ಉದ್ದನೆಯ ಬೀಪ್ ಬಂದರೆ ಟೋಪಿಯ ಒಳಗೋ ಅದು ಕೂರುವ ಕಂಬದ ಮೇಲೋ ಒಣಗಿದ ಉಪ್ಪು ಕುಳಿತಿರಬಹುದು, ಇಲ್ಲವೇ ಹಗ್ಗ ಬೇರೆ ಯಂತ್ರದ್ದಿರಬಹುದು. ಸಾಲಾಗಿ ನಾಲ್ಕಾರು ಯಂತ್ರ ನಿಲ್ಲಿಸುವ ಕಡೆ ಹಗ್ಗ ಅದಲುಬದಲಾಗುವುದು ಸಹಜ. ಯಮಹಾದ ಹಲವು ಮಾದರಿಗಳಲ್ಲಿ ರಿಮೋಟ್‌ನಿಂದ ಲಾಕ್ ಆಗಿದ್ದರೆ ಎಂಜಿನ್ ಏಳುವುದಿಲ್ಲ. ಸ್ಟಾರ್ಟ್ ಗುಂಡಿಯೊಳಗೂ ಉಪ್ಪು ಇಳಿಯುತ್ತದೆ; ಒತ್ತಿದಾಗ ಅದರ ಎರಡು ವೈರ್‌ಗಳ ನಡುವಿನ ತಡೆ ಸೊನ್ನೆಯ ಹತ್ತಿರ ಬರುತ್ತದೆಯೇ ಎಂದು ಮೀಟರಿನಲ್ಲಿ ನೋಡಬಹುದು.

ಹಗ್ಗದ ಸ್ವಿಚ್ ಕೆಟ್ಟರೆ ವೈರ್ ಸೇರಿಸಿಯೋ ಪ್ಲಾಸ್ಟಿಕ್ ತುಂಡು ಸಿಕ್ಕಿಸಿಯೋ ಶಾಶ್ವತವಾಗಿ ‘ಆನ್’ ಮಾಡಿಬಿಟ್ಟರಾಯಿತು, ಸವಾರಿಗೇನೂ ತೊಂದರೆಯಿಲ್ಲ ಎನ್ನುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ, ಮಾಡಿರುವ ಯಂತ್ರವನ್ನು ಹತ್ತಲೂ ಬೇಡಿ. ಸವಾರ ನೀರಿಗೆ ಬಿದ್ದ ಕ್ಷಣ ಎಂಜಿನ್ ನಿಲ್ಲಿಸುವುದೇ ಆ ಹಗ್ಗದ ಕೆಲಸ. ಅದಿಲ್ಲದಿದ್ದರೆ ಸವಾರನಿಲ್ಲದ ಯಂತ್ರ ಈಜುವವರ ನಡುವೆ ನುಗ್ಗಬಹುದು, ಬಿದ್ದವನ ಕೈಗೆ ಸಿಗದೆ ದೂರ ಹೋಗಬಹುದು. ಒಂದು ಸ್ವಿಚ್ಚಿನ ಬೆಲೆಗೆ ಜೀವವನ್ನು ಪಣಕ್ಕಿಡುವ ಕೆಲಸವಿದು.

“ಹೊರಗೆ ಹೊಳೆಯುವ ವೈರ್ ಒಳಗೂ ಚೆನ್ನಾಗಿರುತ್ತದೆ”

ಉಪ್ಪುನೀರು ವೈರಿನ ಕತ್ತರಿಸಿದ ತುದಿಯಿಂದ ಎಳೆಗಳ ನಡುವೆ ಒಳಕ್ಕೆ ನುಸುಳುತ್ತದೆ. ಮೇಲಿನ ಪ್ಲಾಸ್ಟಿಕ್ ಹೊಸದರಂತಿದ್ದರೂ ಒಳಗಿನ ತಾಮ್ರ ಕಿಲುಬಿ ಕಪ್ಪುಪುಡಿಯಾಗಿರಬಹುದು. ವೈರನ್ನು ಬಗ್ಗಿಸಿದಾಗ ಒಂದು ಜಾಗದಲ್ಲಿ ಅಸಹಜವಾಗಿ ಗಟ್ಟಿಯಾಗಿಯೋ ಉಬ್ಬಿದಂತೆಯೋ ಕಂಡರೆ ಅನುಮಾನಿಸಿ. ಬದಲಿಸುವಾಗ ತವರ ಲೇಪಿಸಿದ ಎಳೆಗಳ ವೈರನ್ನೇ ಹಾಕಬೇಕು. ದೋಣಿಗಳಿಗೆ ಬಳಸುವುದು ಅದನ್ನೇ.

ಡೈಎಲೆಕ್ಟ್ರಿಕ್ ಗ್ರೀಸ್ ಬಳಿದರೆ ಕರೆಂಟ್ ಚೆನ್ನಾಗಿ ಹರಿಯುತ್ತದೆ ಎಂಬುದೂ ತಪ್ಪು. ಆ ಗ್ರೀಸ್ ಕರೆಂಟನ್ನು ತಡೆಯುವ ವಸ್ತು. ಟರ್ಮಿನಲ್ ಮತ್ತು ಕೇಬಲ್ ತುದಿಯನ್ನು ಉಜ್ಜಿ ಲೋಹಕ್ಕೆ ಲೋಹ ತಾಗುವಂತೆ ಬಿಗಿದ ಮೇಲೆ, ನೀರು ಗಾಳಿ ಸೋಕದಂತೆ ಹೊರಗಿನಿಂದ ಬಳಿಯುವುದಕ್ಕಷ್ಟೇ ಅದಿರುವುದು. ತುಕ್ಕಿನ ಮೇಲೆ ಬಳಿದರೆ ತುಕ್ಕು ಭದ್ರವಾಗುತ್ತದೆ, ಅಷ್ಟೆ.

“ಸ್ಕ್ರೂಡ್ರೈವರ್ ಅಡ್ಡ ಇಟ್ಟು ಕಿಡಿ ಹಾರಿಸಿದರೆ ಗೊತ್ತಾಗುತ್ತದೆ”

ಹಳೆಯ ಟ್ರ್ಯಾಕ್ಟರ್, ಜೀಪುಗಳಲ್ಲಿ ನಡೆಯುತ್ತಿದ್ದ ಈ ವಿದ್ಯೆಯನ್ನು ಜೆಟ್‌ಸ್ಕೀಯಲ್ಲಿ ಪ್ರಯೋಗಿಸುವುದು ಅಪಾಯಕಾರಿ. ಪೆಟ್ರೋಲಿನ ಆವಿ ಗಾಳಿಗಿಂತ ಭಾರ. ಜೀಪಿನಲ್ಲಿ ಅದು ಕೆಳಗಿಳಿದು ಚದುರಿಹೋಗುತ್ತದೆ. ಜೆಟ್‌ಸ್ಕೀಯ ಎಂಜಿನ್ ಇರುವುದು ಸುತ್ತಲೂ ಮುಚ್ಚಿದ ತೊಟ್ಟಿಯಂಥ ಒಡಲಿನಲ್ಲಿ. ಆವಿ ಅಲ್ಲೇ ತಳದಲ್ಲಿ ನಿಲ್ಲುತ್ತದೆ, ಒಂದು ಕಿಡಿ ಸಾಕು. ಯಾವ ಪರೀಕ್ಷೆಗೂ ಮುನ್ನ ಸೀಟು ತೆಗೆದು ಒಡಲಿಗೆ ಗಾಳಿಯಾಡಲು ಬಿಡಬೇಕು, ಪೆಟ್ರೋಲ್ ವಾಸನೆ ಬಂದರೆ ಅದರ ಮೂಲ ಸಿಗುವ ತನಕ ಗುಂಡಿ ಮುಟ್ಟಬಾರದು. ಇದೇ ಕಾರಣಕ್ಕೆ ಕಾರಿನ ಸೆಲ್ಫ್ ಮೋಟರ್, ರಿಲೇಗಳನ್ನು ಹೊಂದಿಸಿ ಕೂರಿಸುವುದೂ ತಪ್ಪು. ದೋಣಿಯ ವಿದ್ಯುತ್ ಭಾಗಗಳು ಒಳಗಿನ ಕಿಡಿ ಹೊರಗಿನ ಆವಿಗೆ ತಗಲದಂತೆ ತಯಾರಾಗಿರುತ್ತವೆ. ಅದಕ್ಕೆಂದೇ ಎಸ್‌ಎಇ ಜೆ1171 ಎಂಬ ಮಾನದಂಡವಿದೆ. ನೋಡಲು ಎರಡೂ ಒಂದೇ ತರಹ ಕಂಡರೂ ಕಾರಿನ ಭಾಗಕ್ಕೆ ಆ ರಕ್ಷಣೆ ಇರುವುದಿಲ್ಲ.

“ಒತ್ತುತ್ತಲೇ ಇದ್ದರೆ ಒಮ್ಮೆ ಹತ್ತಿಕೊಳ್ಳುತ್ತದೆ”

ಕೈಪಿಡಿಗಳು ಒಂದು ಸಲಕ್ಕೆ 5ರಿಂದ 10 ಸೆಕೆಂಡಿಗಿಂತ ಹೆಚ್ಚು ಸೆಲ್ಫ್ ಹೊಡೆಯಬೇಡಿ, ನಡುವೆ ಬಿಡುವು ಕೊಡಿ ಎನ್ನುವುದು ಮೋಟರ್ ಸುಡದಿರಲೆಂದು. ಅದಕ್ಕಿಂತ ದೊಡ್ಡ ಕಾರಣ ಇನ್ನೊಂದಿದೆ. ‘ಟಕ್’ ಎಂದು ಬಡಿದು ಎಂಜಿನ್ ಅಲ್ಲಾಡದೆ ನಿಂತರೆ ಸಿಲಿಂಡರಿನೊಳಗೆ ನೀರು ನಿಂತಿರಬಹುದು. ನೀರನ್ನು ಅದುಮಲಾಗದು, ಬಲವಂತ ಮಾಡಿದರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಇಗ್ನಿಷನ್ ಕಾಯಿಲ್‌ಗಳ ಕನೆಕ್ಟರ್ ಕಳಚಿ, ಕಿಡಿ ಹಾರುವ ಅವಕಾಶ ಇಲ್ಲವಾಗಿಸಿ, ಸ್ಪಾರ್ಕ್ ಪ್ಲಗ್‌ಗಳನ್ನು ಬಿಚ್ಚಿ ಒಮ್ಮೆ ಸೆಲ್ಫ್ ಹೊಡೆದರೆ ಎಂಜಿನ್ ಸಲೀಸಾಗಿ ತಿರುಗಿ ನೀರು ಚಿಮ್ಮುತ್ತದೆ. ಅಲ್ಲಿಗೆ ಬ್ಯಾಟರಿ, ರಿಲೇ, ಮೋಟರ್ ಮೂರೂ ನಿರ್ದೋಷಿಗಳು.

ನೀರು ಹೋಗಿದ್ದೆಲ್ಲಿಂದ? ಬಹಳ ಸಲ ತೊಳೆಯುವವರ ಕೈಯಿಂದಲೇ. ಸಿಹಿನೀರಿನ ಪೈಪ್ ಹಾಕಿ ಎಂಜಿನ್ ತೊಳೆಯುವಾಗ ಮೊದಲು ಎಂಜಿನ್ ಸ್ಟಾರ್ಟ್ ಮಾಡಿ ಆಮೇಲೆ ನೀರು ಬಿಡಬೇಕು. ಮುಗಿಸುವಾಗ ಮೊದಲು ನೀರು ನಿಲ್ಲಿಸಿ ಆಮೇಲೆ ಎಂಜಿನ್ ಆರಿಸಬೇಕು. ತಿರುವುಮುರುವಾದರೆ ನೀರನ್ನು ಹೊರದೂಡುವ ಹೊಗೆಯ ಒತ್ತಡವಿಲ್ಲದೆ ಎಕ್ಸಾಸ್ಟ್ ತುಂಬಿ, ನೀರು ಸಿಲಿಂಡರಿಗೆ ಹಿಮ್ಮುಖವಾಗಿ ಇಳಿಯುತ್ತದೆ. ಕೆಟ್ಟ ಯಂತ್ರವನ್ನು ಇನ್ನೊಂದಕ್ಕೆ ಕಟ್ಟಿ ವೇಗವಾಗಿ ಎಳೆದರೂ ಹೀಗೇ ಆಗಬಹುದು.

“ಹೆಚ್ಚು ಸಿಸಿಎ ಇರುವ ಬ್ಯಾಟರಿ ಹಾಕಿದರೆ ಎಲ್ಲ ಸರಿಹೋಗುತ್ತದೆ”

ಸಿಸಿಎ (ಕೋಲ್ಡ್ ಕ್ರ್ಯಾಂಕಿಂಗ್ ಆಂಪ್ಸ್, ಅಂದರೆ ಚಳಿಯಲ್ಲಿ ಎಂಜಿನ್ ಸ್ಟಾರ್ಟ್ ಮಾಡಲು ಬ್ಯಾಟರಿ ಕೊಡಬಲ್ಲ ಕರೆಂಟ್) ಎಂಬ ಅಂಕಿಯನ್ನು ಅಳೆಯುವುದು ಮೈನಸ್ 18 ಡಿಗ್ರಿ ಸೆಲ್ಸಿಯಸ್ ಚಳಿಯಲ್ಲಿ. ತಯಾರಕರು ಹೇಳಿದ್ದಕ್ಕಿಂತ ಕಡಿಮೆ ಇರಬಾರದು, ನಿಜ. ಆದರೆ ನಮ್ಮ ಕಡಲತೀರದಲ್ಲಿ ಬ್ಯಾಟರಿಯ ಶತ್ರು ಚಳಿಯಲ್ಲ, ಸೆಕೆ. ಬಿಸಿ ಹೆಚ್ಚಿದಷ್ಟೂ ಸುಮ್ಮನಿಟ್ಟ ಬ್ಯಾಟರಿ ಬೇಗ ಬರಿದಾಗುತ್ತದೆ, ಬರಿದಾಗಿ ಕೂತಷ್ಟೂ ಅದರ ತಟ್ಟೆಗಳ ಮೇಲೆ ಸೀಸದ ಸಲ್ಫೇಟ್ ಗಟ್ಟಿಕಟ್ಟುತ್ತದೆ. ಸಿಮೆಂಟ್ ನೆಲದ ಮೇಲಿಟ್ಟರೆ ಚಾರ್ಜ್ ಇಳಿಯುತ್ತದೆ ಎಂದು ಕೆಳಗೆ ಹಲಗೆ ಹಾಕುವವರು ಇಂದಿಗೂ ಇದ್ದಾರೆ. ಇಂದಿನ ಪ್ಲಾಸ್ಟಿಕ್ ಡಬ್ಬಿಯ ಬ್ಯಾಟರಿಗೆ ನೆಲದಿಂದ ಏನೂ ಆಗುವುದಿಲ್ಲ. ಇಳಿಸುವುದು ನಾಲ್ಕು ತಿಂಗಳ ಅಲಕ್ಷ್ಯ. ನೆಗೆಟಿವ್ ಕೇಬಲ್ ಮೊದಲು ಬಿಚ್ಚಿ, ಬ್ಯಾಟರಿಯನ್ನು ಹೊರತೆಗೆದು ತಿಂಗಳಿಗೊಮ್ಮೆ ಚಾರ್ಜ್ ಮಾಡಿದರೆ ಮಳೆಗಾಲ ದಾಟುತ್ತದೆ.

ಸೀಸನ್ನಿನ ನಡುವೆಯೂ ಬ್ಯಾಟರಿ ಸೊರಗುವುದಕ್ಕೆ ಕಾರಣವಿದೆ. ಪ್ರವಾಸಿಗರ ಸವಾರಿ ಕೆಲವೇ ನಿಮಿಷದ್ದು. ಪ್ರತಿ ಸವಾರಿಗೂ ಒಂದು ಸ್ಟಾರ್ಟ್. ದಡದ ಬಳಿ ನಿಧಾನಕ್ಕೆ ಓಡುವಾಗ ಎಂಜಿನ್ನಿನ ಸ್ಟೇಟರ್ ಉತ್ಪಾದಿಸುವ ಕರೆಂಟ್ ಅಲ್ಪ, ತೆಗೆದದ್ದು ಮರಳಿ ತುಂಬುವುದಿಲ್ಲ. ಸಂಜೆ ಹೊತ್ತಿಗೆ ಯಂತ್ರ ಟಿಕ್ ಎನ್ನತೊಡಗಿದರೆ ಮೊದಲು ಚಾರ್ಜಿಂಗ್ ಅಳೆಯಿರಿ. ಯಂತ್ರ ನೀರಿನಲ್ಲಿ ಭದ್ರವಾಗಿ ಕಟ್ಟಿದ್ದು, ಮುಂದೆ ಹಿಂದೆ ಯಾರೂ ಇಲ್ಲದಿರುವಾಗ, ಎಂಜಿನ್ ವೇಗ ಏರಿಸಿದರೆ ಬ್ಯಾಟರಿಯ ಮೇಲೆ 13.5ರಿಂದ 14.5 ವೋಲ್ಟ್ ಕಾಣಬೇಕು. ಹಾಗೆ ಕಂಡರೆ ರಾತ್ರಿ ಬ್ಯಾಟರಿಯನ್ನು ಚಾರ್ಜರ್‌ಗೆ ಹಾಕುವುದೊಂದೇ ಬಾಕಿ ಕೆಲಸ. 12.5ರಲ್ಲೇ ನಿಂತಿದ್ದರೆ ಸ್ಟೇಟರ್, ರೆಗ್ಯುಲೇಟರ್-ರೆಕ್ಟಿಫೈಯರ್ ಮತ್ತು ಅವೆರಡರ ನಡುವಿನ ಕನೆಕ್ಟರ್ ಪರೀಕ್ಷಿಸಿ. ಕನೆಕ್ಟರ್ ಬಿಚ್ಚಿ ಪಿನ್ನುಗಳ ಮೇಲೆ ಹಸಿರು ಕಿಲುಬೋ ಕರಗಿದ ಪ್ಲಾಸ್ಟಿಕ್ಕಿನ ಕಲೆಯೋ ಇದೆಯೇ ಎಂದು ಮೊದಲು ನೋಡಿ. ಬಿಡಿಭಾಗದ ಅಂಗಡಿಗೆ ಫೋನ್ ಮಾಡುವುದು ಆಮೇಲೆ.